ಊರು ಬಿಟ್ಟ ತಂಡ

ವಿಂಬಲ್ಡನ್ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಹಸುರು ಹುಲ್ಲಿನ ಮೇಲೆ ಬಿಳಿಯುಡುಪಿನವರು ಆಡುವ ಟೆನಿಸ್ ಆಟ. ಅದು ಸಹಜವೇ. ಆದರೆ ಲಂಡನ್ ಮಹಾನಗರದ ನೈರುತ್ಯ ಭಾಗದಲ್ಲಿರುವ ಆ ಊರಿಗೆ ಕಾಲ್ಚೆಂಡಿನ ಕಥೆಯೂ ಒಂದುಂಟು. ರಾಜವಂಶದವರು ಬಂದು ಕುಳಿತು ನೋಡುವ ಆಟದ ಕಥೆಯಲ್ಲ ಅದು. ಮಳೆಯಲ್ಲಿ ನೆನೆಯುತ್ತ ನಿಂತು ನೋಡಿದವರ ಕಥೆ. ಗೆಲುವು ಸೋಲುಗಳಿಗಿಂತ ದೊಡ್ಡದಾದ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ. ಒಂದು ತಂಡವನ್ನು ಅದರ ಒಡೆಯರು ಬೇರೊಂದು ಊರಿಗೆ ಕೊಂಡೊಯ್ದರೆ, ಆ ತಂಡದ ಗತಕಾಲವೂ ಅದರೊಡನೆ ಗಾಡಿಯೇರಿ ಹೋಗುವುದೆ? ಹಳೆಯ ಗೆಲುವುಗಳು ಯಾರ ಸೊತ್ತು?

೧೮೮೯ರಲ್ಲಿ ಆ ಊರಿನ ಒಂದು ಶಾಲೆಯಲ್ಲಿ ಓದಿದವರು ಕೂಡಿ ‘ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್’ ಎಂಬ ತಂಡವನ್ನು ಕಟ್ಟಿದರು. ಹಳೆಯ ವಿದ್ಯಾರ್ಥಿಗಳ ಸಂಘಗಳು ವರ್ಷಕ್ಕೊಮ್ಮೆ ಫಲಾಹಾರಕ್ಕೆ ಮಾತ್ರ ಸೇರಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಊರ ಬಯಲೇ ಅವರ ಆಟದ ಅಂಗಳ. ಬಟ್ಟೆ ಬದಲಿಸಿಕೊಳ್ಳುತ್ತಿದ್ದುದು ಬಯಲಿನ ಅಂಚಿನಲ್ಲಿದ್ದ ‘ಫಾಕ್ಸ್ ಅಂಡ್ ಗ್ರೇಪ್ಸ್’ ಎಂಬ ಪಾನಗೃಹದಲ್ಲಿ. ಈಸೋಪನ ನರಿ ಮತ್ತು ದ್ರಾಕ್ಷಿಯ ಹೆಸರು ಹೊತ್ತ ಆ ಮನೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಅದರ ಪ್ರಸ್ತಾಪ ಮತ್ತೆ ಬರುತ್ತದೆ. ೧೯೧೨ರಲ್ಲಿ ತಂಡಕ್ಕೆ ಸ್ವಂತ ನೆಲೆ ದೊರೆಯಿತು. ವಾಂಡ್ಲ್ ಎಂಬ ಚಿಕ್ಕ ಹೊಳೆಗೆ ಹತ್ತಿರದ ಜೌಗು ನೆಲವದು. ಅದರ ಹೆಸರು ಪ್ಲೌ ಲೇನ್, ಎಂದರೆ ನೇಗಿಲ ಓಣಿ.

ಬಹುಕಾಲ ಇದು ಸಂಬಳವಿಲ್ಲದೆ ಆಡುವ ಹವ್ಯಾಸಿಗಳ ತಂಡವಾಗಿದ್ದಿತು. ೧೯೬೩ರಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಕಪ್ಪಿನ ಅಂತಿಮ ಪಂದ್ಯದಲ್ಲಿ ಅದು ಸಟ್ಟನ್ ತಂಡವನ್ನು ೪-೨ರಿಂದ ಸೋಲಿಸಿತು. ನಾಲ್ಕೂ ಗೋಲುಗಳನ್ನು ಹೊಡೆದವನು ಎಡ್ಡಿ ರೆನಾಲ್ಡ್ಸ್, ನಾಲ್ಕನ್ನೂ ತಲೆಯಿಂದಲೇ. ೧೯೭೭ರಲ್ಲಿ ತಂಡಕ್ಕೆ ಫುಟ್‌ಬಾಲ್ ಲೀಗಿನ ಕಟ್ಟಕಡೆಯ ನಾಲ್ಕನೆಯ ವಿಭಾಗದಲ್ಲಿ ಸ್ಥಾನ ದೊರೆಯಿತು. ಆಗ ಆ ಸ್ಥಾನ ದೊರೆಯುತ್ತಿದ್ದುದು ಆಟದ ಬಲದಿಂದಲ್ಲ, ಮತದಾನದಿಂದ; ವರ್ಕಿಂಗ್ಟನ್ ತಂಡವನ್ನು ಹೊರಹಾಕಿ ಇವರನ್ನು ಒಳಗೆ ಕರೆದುಕೊಂಡರು. ಒಳಬಂದವರು ಸುಮ್ಮನೆ ಕೂರಲಿಲ್ಲ. ಒಂಬತ್ತೇ ವರ್ಷಗಳಲ್ಲಿ, ೧೯೮೬ರಲ್ಲಿ, ಮೊದಲನೆಯ ವಿಭಾಗಕ್ಕೇರಿದರು. ೧೯೮೮ರ ಮೇ ೧೪ರಂದು ವೆಂಬ್ಲಿಯಲ್ಲಿ, ಆ ದೇಶದ ಅತ್ಯಂತ ಬಲಾಢ್ಯ ತಂಡವಾಗಿದ್ದ ಲಿವರ್‌ಪೂಲನ್ನು ೧-೦ರಿಂದ ಸೋಲಿಸಿ ಎಫ್.ಎ. ಕಪ್ಪನ್ನು ಎತ್ತಿಕೊಂಡರು. ಗೋಲು ಲಾರಿ ಸ್ಯಾಂಚೆಸನದು. ಗೋಲು ಕಾಯುತ್ತಿದ್ದ ಡೇವ್ ಬೀಸಂಟ್ ಅಂದು ಪೆನಾಲ್ಟಿ ಹೊಡೆತವೊಂದನ್ನು ತಡೆದನು. ವೆಂಬ್ಲಿಯಲ್ಲಿ ನಡೆದ ಆ ಕಪ್ಪಿನ ಅಂತಿಮ ಪಂದ್ಯಗಳಲ್ಲಿ ಹಾಗೆ ತಡೆದವರಲ್ಲಿ ಅವನೇ ಮೊದಲಿಗ.

ಇಷ್ಟೇ ಆಗಿದ್ದರೆ ಇದೊಂದು ಸುಖಾಂತ ಕಥೆಯಾಗುತ್ತಿತ್ತು. ಆದರೆ ಮರುವರ್ಷ, ೧೯೮೯ರ ಏಪ್ರಿಲ್ ೧೫ರಂದು, ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನೂಕುನುಗ್ಗಲಿನಿಂದ ಭೀಕರ ದುರಂತ ನಡೆದುಹೋಯಿತು. ಅದರಿಂದ ಸತ್ತವರು ಒಟ್ಟು ೯೭ ಮಂದಿ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ೧೯೯೦ರ ಜನವರಿಯಲ್ಲಿ ವರದಿಯಿತ್ತು, ಮೇಲಿನ ವಿಭಾಗಗಳ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರೆಲ್ಲರಿಗೂ ಆಸನವಿರಬೇಕೆಂದು ವಿಧಿಸಿದರು. ವಿಧಿ ನ್ಯಾಯವಾದುದೇ. ಆದರೆ ಪ್ಲೌ ಲೇನಿನಂತಹ ಹಳೆಯ, ಇಕ್ಕಟ್ಟಾದ ಅಂಗಳಕ್ಕೆ ಅದು ಹೊರಲಾಗದ ಹೊರೆಯಾಯಿತು. ೧೯೯೧ರಲ್ಲಿ ತಂಡವು ‘ತಾತ್ಕಾಲಿಕವಾಗಿ’ ಕ್ರಿಸ್ಟಲ್ ಪ್ಯಾಲೆಸ್ ತಂಡದ ಸೆಲ್‌ಹರ್ಸ್ಟ್ ಪಾರ್ಕಿನಲ್ಲಿ ಬಾಡಿಗೆಗೆ ಹೋಯಿತು. ತಾತ್ಕಾಲಿಕವೆಂಬ ಶಬ್ದದ ಅರ್ಥವ್ಯಾಪ್ತಿ ಎಷ್ಟೆಂಬುದು ಕಚೇರಿಗಳಲ್ಲಿ ಅಲೆದಾಡಿದವರಿಗೆಲ್ಲ ಗೊತ್ತು. ಇಲ್ಲಿ ಅದು ಹನ್ನೆರಡು ವರ್ಷಗಳಾದುವು.

ಆ ಹನ್ನೆರಡು ವರ್ಷಗಳಲ್ಲಿ ಮರ್ಟನ್ ಪೌರಸಭೆಗೂ ಕ್ಲಬ್ಬಿನ ಒಡೆಯರಿಗೂ ಹೊಸ ಕ್ರೀಡಾಂಗಣದ ವಿಷಯದಲ್ಲಿ ಒಮ್ಮತ ಮೂಡಲಿಲ್ಲ. ಒಡೆಯನಾಗಿದ್ದ ಸ್ಯಾಮ್ ಹಮ್ಮಾಮನು ತಂಡವನ್ನು ಸಮುದ್ರದಾಚೆಯ ಡಬ್ಲಿನ್ ನಗರಕ್ಕೆ ಸಾಗಿಸುವ ಆಲೋಚನೆಯನ್ನೂ ಮಾಡಿದ್ದನು. ೧೯೯೭ರಲ್ಲಿ ತಂಡವು ನಾರ್ವೆ ದೇಶದ ಇಬ್ಬರು ವ್ಯಾಪಾರಿಗಳ ಕೈಸೇರಿತು. ಕಿರಿಯರ ತಂಡವು ೧೯೯೮ರವರೆಗೂ ಆಡುತ್ತಿದ್ದ ಹಳೆಯ ಅಂಗಳವು ದಿನಸಿ ಮಳಿಗೆಗಳ ಸಂಸ್ಥೆಯೊಂದಕ್ಕೆ ಮಾರಾಟವಾಯಿತು. ಹೀಗೆ ತಂಡ ಒಬ್ಬರದು, ನೆಲ ಇನ್ನೊಬ್ಬರದು, ಆಡುವ ಜಾಗ ಮತ್ತೊಬ್ಬರದು ಎಂದಾಯಿತು. ೨೦೦೦ದ ಮೇ ೧೪ರಂದು, ಕಪ್ಪು ಗೆದ್ದು ಸರಿಯಾಗಿ ಹನ್ನೆರಡು ವರ್ಷಗಳಾದ ದಿನವೇ, ತಂಡವು ಮೇಲಿನ ವಿಭಾಗದಿಂದ ಕೆಳಗಿಳಿಯಿತು.

ಇಲ್ಲಿ ಮಿಲ್ಟನ್ ಕೀನ್ಸ್ ಎಂಬ ಊರು ಕಥೆಯೊಳಗೆ ಬರುತ್ತದೆ. ಲಂಡನ್ನಿನ ವಾಯವ್ಯಕ್ಕೆ, ವಿಂಬಲ್ಡನ್ನಿನಿಂದ ಸುಮಾರು ೫೬ ಮೈಲಿ ದೂರದಲ್ಲಿ, ೧೯೬೭ರಲ್ಲಿ ಸರಕಾರವು ನಕ್ಷೆ ಬರೆದು ಕಟ್ಟಲಾರಂಭಿಸಿದ ಹೊಸ ನಗರವದು. ಜನರಿದ್ದರು, ಹಣವಿದ್ದಿತು, ಲೀಗಿನಲ್ಲಿ ಆಡುವ ತಂಡವೊಂದು ಇರಲಿಲ್ಲ. ಕೆಳಗಿನಿಂದ ಒಂದು ತಂಡವನ್ನು ಬೆಳೆಸುವುದಕ್ಕೆ ದಶಕಗಳು ಬೇಕು. ಬೆಳೆದ ತಂಡವನ್ನು ತರುವುದಕ್ಕೆ ಒಂದು ಒಪ್ಪಂದ ಸಾಕು. ಈ ಆಲೋಚನೆ ಹೊಸದೇನೂ ಅಲ್ಲ. ಅಂದಿನ ಒಡೆಯನಾಗಿದ್ದ ರಾನ್ ನೋಡ್ಸ್ ೧೯೭೯ರಲ್ಲಿಯೇ ಇದನ್ನು ಯೋಚಿಸಿ ಕೈಬಿಟ್ಟಿದ್ದನು. (ಅದೇ ನೋಡ್ಸ್ ಮುಂದೆ ಕ್ರಿಸ್ಟಲ್ ಪ್ಯಾಲೆಸಿನ ಒಡೆಯನಾಗಿ, ೧೯೯೧ರಲ್ಲಿ ವಿಂಬಲ್ಡನ್ನಿಗೆ ಜಾಗವನ್ನು ಬಾಡಿಗೆಗೆ ಕೊಟ್ಟವನು. ಇತಿಹಾಸಕ್ಕೂ ಪರಿಹಾಸದ ಗುಣವುಂಟು.) ಈಗ ಪೀಟ್ ವಿಂಕಲ್‌ಮನ್ ಎಂಬಾತನ ನೇತೃತ್ವದ ಕೂಟವೊಂದು ದೊಡ್ಡ ಮಳಿಗೆಗಳ ಜೊತೆಗೆ ಕ್ರೀಡಾಂಗಣವನ್ನೂ ಕಟ್ಟುವ ಯೋಜನೆ ಹೂಡಿ, ಅದರಲ್ಲಿ ಆಡಲು ತಂಡವೊಂದನ್ನು ಹುಡುಕುತ್ತಿದ್ದಿತು. ೨೦೦೧ರ ಆಗಸ್ಟ್ ೨ರಂದು ವಿಂಬಲ್ಡನ್ ಕ್ಲಬ್ಬಿನ ಅಧ್ಯಕ್ಷ ಚಾರ್ಲ್ಸ್ ಕಾಪೆಲ್ ತಾನು ಅಲ್ಲಿಗೆ ಹೋಗುವುದಾಗಿ ಸಾರಿದನು.

ಅಭಿಮಾನಿಗಳು ಕೆರಳಿದರು. ಕ್ಲಬ್ಬು ಮಾರುವ ಪಂದ್ಯದ ಪತ್ರಿಕೆಯನ್ನು ಕೊಳ್ಳದೆ ತಮ್ಮದೇ ಪತ್ರಿಕೆಯೊಂದನ್ನು ಹೊರತಂದು ಮಾರಿದರು. ಫುಟ್‌ಬಾಲ್ ಲೀಗಿನ ಮಂಡಳಿಯೂ ಮೊದಲು ಅವರ ಪಕ್ಷದಲ್ಲಿಯೇ ಇದ್ದು ಅನುಮತಿಯನ್ನು ನಿರಾಕರಿಸಿತು. ಕ್ಲಬ್ಬು ಪಂಚಾಯಿತಿಗೆ ಹೋಯಿತು. ಅಲ್ಲಿಂದ ವಿಷಯವು ಫುಟ್‌ಬಾಲ್ ಅಸೋಸಿಯೇಶನ್ ನೇಮಿಸಿದ ಮೂವರು ಸದಸ್ಯರ ಆಯೋಗದ ಮುಂದೆ ಬಂದಿತು. ೨೦೦೨ರ ಮೇ ೨೮ರಂದು ತೀರ್ಪು ಹೊರಬಿದ್ದಿತು. ಇಬ್ಬರು ಹೋಗಬಹುದೆಂದರು, ಒಬ್ಬರು ಕೂಡದೆಂದರು.

ಆ ಇಬ್ಬರನ್ನು ನಾವು ಸುಲಭವಾಗಿ ಹಳಿಯಬಾರದು. ತಂಡವು ಸಾಲದಲ್ಲಿ ಮುಳುಗಿತ್ತು, ನೆಲೆಯಿಲ್ಲದಾಗಿತ್ತು. ಹೋಗಲು ಬಿಡದಿದ್ದರೆ ಸಾಯುವುದೆಂಬುದು ಅವರ ಎಣಿಕೆ. ಎಂದರೆ, ತಂಡವೆಂಬುದು ಲೀಗಿನಲ್ಲಿ ಒಂದು ಸ್ಥಾನ, ಆಟಗಾರರೊಡನೆ ಮಾಡಿಕೊಂಡ ಕೆಲವು ಕರಾರುಗಳು, ಒಂದು ನೋಂದಣಿ ಪತ್ರ ಎಂದು ಅವರು ತಿಳಿದರು. ಅವು ಉಳಿದರೆ ತಂಡ ಉಳಿದಂತೆ. ಆದರೆ ಅದೇ ವರದಿಯಲ್ಲಿ, ಅಭಿಮಾನಿಗಳು ಬೂದಿಯಿಂದ ಹೊಸ ತಂಡವನ್ನೆಬ್ಬಿಸಿ ಮತ್ತೆ ಕೆಳಗಿನಿಂದ ಆರಂಭಿಸುವುದು ಕಾಲ್ಚೆಂಡಾಟದ ವಿಶಾಲ ಹಿತಕ್ಕೆ ತಕ್ಕುದಲ್ಲ ಎಂಬರ್ಥದ ಮಾತೊಂದು ಸೇರಿಕೊಂಡಿತು. ಯಾರ ಹಿತಕ್ಕೆಂದು ಕೇಳುವ ಹಕ್ಕು ಆ ಊರಿನವರಿಗೆ ಖಂಡಿತವಾಗಿಯೂ ಇದ್ದಿತು.

ಅವರು ಕೇಳುತ್ತ ಕೂರಲಿಲ್ಲ. ಎರಡೇ ದಿನಗಳಲ್ಲಿ, ಮೇ ೩೦ರಂದು, ಅದೇ ‘ನರಿ ಮತ್ತು ದ್ರಾಕ್ಷಿ’ಯ ಮನೆಯಲ್ಲಿ ಸಭೆ ಸೇರಿ ಹೊಸ ತಂಡವನ್ನು ಕಟ್ಟಲು ನಿಶ್ಚಯಿಸಿದರು. ಹೆಸರು ಎ.ಎಫ್.ಸಿ. ವಿಂಬಲ್ಡನ್, ಒಡೆತನ ಅಭಿಮಾನಿಗಳದೇ. ಆಟಗಾರರು ಬೇಕಾದವರು ಬಂದು ಪರೀಕ್ಷೆಗೆ ನಿಲ್ಲಬಹುದೆಂದು ಕರೆಕೊಟ್ಟಾಗ, ಜೂನ್ ೨೯ರಂದು ಊರ ಬಯಲಿಗೆ ೨೩೦ ಮಂದಿ ಬಂದರು. ಜುಲೈ ೧೦ರಂದು ಮೊದಲ ಸ್ನೇಹಪಂದ್ಯ. ಎದುರಾಳಿ ೧೯೬೩ರ ಹಳೆಯ ಸಟ್ಟನ್. ೪-೦ಯಿಂದ ಸೋತರು. ಸೋತದ್ದನ್ನು ನೋಡಲು ಬಂದವರು ೪,೬೫೭ ಮಂದಿ! ಅತ್ತ ಹಳೆಯ ತಂಡವು ಇನ್ನೂ ಸೆಲ್‌ಹರ್ಸ್ಟ್ ಪಾರ್ಕಿನಲ್ಲಿಯೇ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದಿತು. ಆ ಅಕ್ಟೋಬರಿನಲ್ಲಿ ರಾದರ್‌ಹ್ಯಾಮ್ ತಂಡದೊಡನೆ ನಡೆದ ಪಂದ್ಯಕ್ಕೆ ಬಂದವರು ೮೪೯ ಮಂದಿ. ಸಾವಿರಾರು ಆಸನಗಳ ನಡುವೆ ಎಂಟುನೂರು ಜನ ಕುಳಿತ ನೋಟವನ್ನು ವಾಚಕರೇ ಊಹಿಸಿಕೊಳ್ಳಲಿ.

ಹಳೆಯ ತಂಡವು ೨೦೦೩ರ ಸೆಪ್ಟೆಂಬರಿನಲ್ಲಿ ಮಿಲ್ಟನ್ ಕೀನ್ಸಿಗೆ ಹೋಯಿತು. ಹೋಗುವ ಮೊದಲೇ ದಿವಾಳಿಯ ಅಂಚಿಗೆ ಬಂದು, ಆಡಳಿತಾಧಿಕಾರಿಗಳ ಕೈಸೇರಿತ್ತು. ೨೦೦೪ರಲ್ಲಿ ಹೆಸರು ಬದಲಾಯಿಸಿಕೊಂಡು ಮಿಲ್ಟನ್ ಕೀನ್ಸ್ ಡಾನ್ಸ್ ಎಂದಾಯಿತು. ‘ಡಾನ್ಸ್’ ಎಂಬುದು ವಿಂಬಲ್ಡನ್ನಿನ ಕೊನೆಯ ಅಕ್ಷರಗಳಿಂದ ಹುಟ್ಟಿದ ಅಡ್ಡಹೆಸರು. ಊರಿನ ಬಾಲವನ್ನಷ್ಟೇ ಕತ್ತರಿಸಿ ಒಯ್ದಂತಾಯಿತು.

ಹಾಗಾದರೆ ೧೯೮೮ರ ಕಪ್ಪು ಯಾರದು? ಕಾನೂನಿನ ಪ್ರಕಾರ ನೋಂದಣಿ ಯಾರ ಬಳಿಯೋ ಗೆಲುವೂ ಅವರದೇ. ಸ್ಯಾಂಚೆಸನ ಗೋಲನ್ನು ಕಂಡು ಕುಣಿದವರು ಮಾತ್ರ ವಿಂಬಲ್ಡನ್ನಿನಲ್ಲಿದ್ದರು. ಇಂತಹ ಜಗಳಕ್ಕೆ ಅಮೆರಿಕೆಯಲ್ಲಿ ಮೊದಲೇ ಒಂದು ತೀರ್ಮಾನ ದೊರೆತಿತ್ತು. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟವನ್ನು ಹೆಚ್ಚಾಗಿ ಕೈಯಿಂದಲೇ ಆಡುತ್ತಾರೆ, ಅದಿರಲಿ. ೧೯೯೫ರ ನವೆಂಬರಿನಲ್ಲಿ ಆರ್ಟ್ ಮೊಡೆಲ್ ಎಂಬ ಒಡೆಯನು ಕ್ಲೀವ್‌ಲೆಂಡ್ ಬ್ರೌನ್ಸ್ ತಂಡವನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಹೇಳಿದಾಗ ನಗರವು ನ್ಯಾಯಾಲಯಕ್ಕೆ ಹೋಯಿತು. ೧೯೯೬ರಲ್ಲಿ ಆದ ರಾಜಿಯಂತೆ ಆಟಗಾರರು ಹೋದರು. ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲೆಂಡಿನಲ್ಲಿಯೇ ಉಳಿದುವು. ೧೯೯೯ರಲ್ಲಿ ಅಲ್ಲಿ ಹೊಸ ತಂಡವು ಹಳೆಯ ಹೆಸರಿನಿಂದ ಆಡಿತು. ಇತಿಹಾಸವನ್ನು ಊರಿಗೆ ಬಿಟ್ಟು ವ್ಯಾಪಾರವನ್ನಷ್ಟೇ ಗಾಡಿಗೆ ಹೇರಿದ ರಾಜಿಯದು.

ಇಂಗ್ಲೆಂಡಿನಲ್ಲಿ ಇದಕ್ಕೆ ನ್ಯಾಯಾಲಯ ಬೇಕಾಗಲಿಲ್ಲ, ಅಭಿಮಾನಿಗಳ ಸಂಘಗಳು ಹಿಡಿದ ಹಟ ಬೇಕಾಯಿತು. ೨೦೦೬ರ ಅಕ್ಟೋಬರಿನಲ್ಲಿ ಆದ ಒಪ್ಪಂದದಂತೆ ಮಿಲ್ಟನ್ ಕೀನ್ಸಿನವರು ೨೦೦೪ಕ್ಕೆ ಹಿಂದಿನ ಇತಿಹಾಸವು ತಮ್ಮದೆಂಬ ವಾದವನ್ನು ಬಿಟ್ಟುಕೊಟ್ಟರು. ೨೦೦೭ರ ಆಗಸ್ಟ್ ೨ರಂದು, ಕಾಪೆಲನ ಘೋಷಣೆಗೆ ಆರು ವರ್ಷ ತುಂಬಿದ ದಿನ, ಎಫ್.ಎ. ಕಪ್ಪಿನ ಪ್ರತಿಕೃತಿಯೂ ಇತರ ಸ್ಮರಣಿಕೆಗಳೂ ಮರ್ಟನ್ ಪೌರಸಭೆಯ ವಶಕ್ಕೆ ಬಂದುವು. ಅವು ಎ.ಎಫ್.ಸಿ. ವಿಂಬಲ್ಡನ್ನಿಗೆ ಸೇರಲಿಲ್ಲ, ಊರಿಗೆ ಸೇರಿದುವು. ಈ ಸೂಕ್ಷ್ಮವನ್ನು ಗಮನಿಸಬೇಕು. ಹೆಸರಿನ ಜಗಳ ಮಾತ್ರ ಮುಗಿಯಲಿಲ್ಲ. ೨೦೧೭ರಲ್ಲಿ ಎರಡೂ ತಂಡಗಳು ಎದುರಾದಾಗ ಎದುರಾಳಿಯ ಪೂರ್ಣ ಹೆಸರನ್ನು ಬಳಸಲಿಲ್ಲವೆಂದು ವಿಂಬಲ್ಡನ್ನಿನವರ ಮೇಲೆ ಲೀಗು ಆಪಾದನೆ ಹೊರಿಸಿತು. ಆಮೇಲೆ ಅದನ್ನು ಕೈಬಿಟ್ಟಿತು.

ಇತಿಹಾಸವನ್ನು ಒಂದೇ ಕಣ್ಣಿನಿಂದ ನೋಡಬಾರದಾದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಲೇಬೇಕು. ಮಿಲ್ಟನ್ ಕೀನ್ಸಿನಲ್ಲಿ ೨೦೦೩ರ ಬಳಿಕ ಬೆಳೆದ ಹುಡುಗನಿಗೆ ಆ ತಂಡವೇ ತನ್ನೂರ ತಂಡ. ೨೦೧೪ರಲ್ಲಿ ಅದು ಮ್ಯಾಂಚೆಸ್ಟರ್ ಯುನೈಟೆಡನ್ನು ೪-೦ಯಿಂದ ಸೋಲಿಸಿದಾಗ ಅವನು ಪಟ್ಟ ಹಿಗ್ಗು ಕಳವಿನ ಮಾಲಲ್ಲ. ಇತ್ತ ಎ.ಎಫ್.ಸಿ. ವಿಂಬಲ್ಡನ್ ತಳವೂರಿದ್ದು ಕಿಂಗ್‌ಸ್ಟನ್ನಿನ ಕಿಂಗ್ಸ್‌ಮೆಡೊ ಕ್ರೀಡಾಂಗಣದಲ್ಲಿ. ಅದನ್ನು ಕಟ್ಟಿಸಿದ್ದುದು ಕಿಂಗ್‌ಸ್ಟೋನಿಯನ್ ಎಂಬ ಚಿಕ್ಕ ತಂಡ. ಆರ್ಥಿಕ ಸಂಕಟದಲ್ಲಿ ಅದನ್ನು ಕಳೆದುಕೊಂಡು ತನ್ನ ಮನೆಯಲ್ಲಿಯೇ ಬಾಡಿಗೆಗಿದ್ದಿತು. ವಿಂಬಲ್ಡನ್ನಿನವರು ಊರಿಗೆ ಮರಳುವ ಹಣಕ್ಕಾಗಿ ಆ ಅಂಗಳವನ್ನು ಚೆಲ್ಸಿ ತಂಡಕ್ಕೆ ಮಾರಿದಾಗ ಕಿಂಗ್‌ಸ್ಟೋನಿಯನ್ ನೆಲೆಯಿಲ್ಲದಾಗಿ ೨೦೧೭ರಲ್ಲಿ ಹೊರಬಿದ್ದಿತು. ನೆಲೆ ಕಳೆದುಕೊಂಡವರೇ ಇನ್ನೊಬ್ಬರು ನೆಲೆ ಕಳೆದುಕೊಳ್ಳುವುದಕ್ಕೆ ಕಾರಣರಾದರು. ಈ ಲೇಖಕನಿಗೆ ಇದರಲ್ಲಿ ಯಾರನ್ನು ದೂರಬೇಕೆಂಬುದು ತಿಳಿಯದು. ಆದರೆ ಕಥೆ ಹೇಳುವವರು ಈ ಪುಟವನ್ನು ಮಡಚಿಡಬಾರದು.

ಮುಂದಿನ ಏರಿಕೆ ಬೆರಗುಗೊಳಿಸುವಂತಹುದು. ೨೦೦೩ರಿಂದ ೨೦೦೪ರವರೆಗೆ ಎ.ಎಫ್.ಸಿ. ವಿಂಬಲ್ಡನ್ ೭೮ ಲೀಗ್ ಪಂದ್ಯಗಳನ್ನು ಸೋಲದೆ ಆಡಿತು. ೨೦೧೧ರಲ್ಲಿ, ಹುಟ್ಟಿದ ಒಂಬತ್ತೇ ವರ್ಷಗಳಲ್ಲಿ, ಫುಟ್‌ಬಾಲ್ ಲೀಗನ್ನು ಸೇರಿತು. ೨೦೧೨ರ ಡಿಸೆಂಬರಿನಲ್ಲಿ ಎರಡು ತಂಡಗಳ ಮೊದಲ ಭೇಟಿಯಾಯಿತು. ಮಿಲ್ಟನ್ ಕೀನ್ಸ್ ೨-೧ರಿಂದ ಗೆದ್ದಿತು. ೨೦೧೬ರ ಮೇ ೩೦ರಂದು, ಪಾನಗೃಹದ ಸಭೆಗೆ ಹದಿನಾಲ್ಕು ವರ್ಷ ತುಂಬಿದ ದಿನ, ಎ.ಎಫ್.ಸಿ. ವಿಂಬಲ್ಡನ್ ವೆಂಬ್ಲಿಯಲ್ಲಿ ಗೆದ್ದು ಮೂರನೆಯ ದರ್ಜೆಗೇರಿತು.

ಹಳೆಯ ಪ್ಲೌ ಲೇನ್ ಅಂಗಳವನ್ನು ೨೦೦೨ರಲ್ಲಿಯೇ ಕೆಡವಿದ್ದರು. ಅಲ್ಲೀಗ ವಸತಿಗೃಹಗಳಿವೆ, ಅವಕ್ಕೆ ರೆನಾಲ್ಡ್ಸ್ ಗೇಟ್ ಎಂದು ಹೆಸರು, ನಾಲ್ಕು ಸಲ ತಲೆಯಿಂದ ಗೋಲು ಹೊಡೆದ ಆ ರೆನಾಲ್ಡ್ಸನ ಹೆಸರು. ಅದರ ಸಮೀಪದಲ್ಲಿಯೇ ಹಿಂದೆ ನಾಯಿಗಳ ಓಟದ ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ, ಅಭಿಮಾನಿಗಳು ಸಾಲಪತ್ರಗಳನ್ನು ಕೊಂಡು ಲಕ್ಷಾಂತರ ಪೌಂಡು ಕೂಡಿಸಿಕೊಟ್ಟುದರ ಬಲದಿಂದ, ಸುಮಾರು ೯,೦೦೦ ಜನ ಕೂರಬಲ್ಲ ಹೊಸ ಕ್ರೀಡಾಂಗಣ ಎದ್ದಿತು. ೨೦೨೦ರ ನವೆಂಬರ್ ೩ರಂದು ಡಾಂಕಾಸ್ಟರ್ ತಂಡದೊಡನೆ ಅಲ್ಲಿಯ ಮೊದಲ ಪಂದ್ಯ, ೨-೨, ಸಮಸಮ. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ತಂಡವು ಊರಿಗೆ ಮರಳಿದ ಆ ರಾತ್ರಿ ಕೊರೋನಾ ಸಾಂಕ್ರಾಮಿಕದ ನಿರ್ಬಂಧವಿದ್ದುದರಿಂದ, ಹಣ ಕೂಡಿಸಿದ ಜನರಲ್ಲಿ ಒಬ್ಬರಿಗೂ ಒಳಗೆ ಹೋಗುವಂತಿರಲಿಲ್ಲ. ದೀಪಗಳು ಉರಿಯುತ್ತಿದ್ದುವು, ಆಸನಗಳೆಲ್ಲ ಬರಿದಾಗಿದ್ದುವು. ಅವರು ತಂತಮ್ಮ ಮನೆಗಳಲ್ಲಿ ಕುಳಿತು ನೋಡಿದರು.