ಬಿಲ್ಲಿನ ಬಾಗು ಮತ್ತು ಆಸ್ಕಮನ ಉಪದೇಶ

ಸಂಸ್ಕೃತದಲ್ಲಿ ಗುಣವೆಂಬ ಶಬ್ದಕ್ಕೆ ಬಿಲ್ಲಿನ ಹೆದೆಯೆಂಬ ಅರ್ಥವೂ ಉಂಟು. ಹೆದೆಯೇರಿದ ಬಿಲ್ಲು ಬಾಗುವುದನ್ನೂ ಗುಣವಂತನು ನಮ್ರನಾಗುವುದನ್ನೂ ಒಂದೇ ಮಾತಿನಲ್ಲಿ ಸೂಚಿಸುವುದು ಕವಿಗಳಿಗೆ ಪ್ರಿಯವಾದ ಶ್ಲೇಷೆ. ಆದರೆ ಹೆದೆಯೇರಿಸಿದ ಮಾತ್ರಕ್ಕೆ ಮರವು ಸಮನಾಗಿ ಬಾಗುವುದಿಲ್ಲ. ಬಾಗುವುದನ್ನು ಅದಕ್ಕೆ ಕಲಿಸಬೇಕಾಗುತ್ತದೆ. ಈ ಕಲಿಕೆಯ ಮರ್ಮವನ್ನು ಇಂಗ್ಲೆಂಡಿನಲ್ಲಿ ಉಪಾಧ್ಯಾಯನೊಬ್ಬನು ಬರೆದಿಟ್ಟಿದ್ದಾನೆ. ಆತನೇ ರೋಜರ್ ಆಸ್ಕಮ್.

ಕೇಂಬ್ರಿಜ್ ವಿದ್ಯಾಪೀಠದಲ್ಲಿ ಗ್ರೀಕ್ ಭಾಷೆಯನ್ನು ಬೋಧಿಸುತ್ತಿದ್ದ ಆಸ್ಕಮನು 1545ರಲ್ಲಿ ‘ಟಾಕ್ಸೊಫಿಲಸ್’ ಎಂಬ ಗ್ರಂಥವನ್ನು ರಚಿಸಿ, ಎಂಟನೆಯ ಹೆನ್ರಿ ದೊರೆಗೆ ಅರ್ಪಿಸಿ, ವರ್ಷಕ್ಕೆ 10 ಪೌಂಡುಗಳ ವೇತನವನ್ನು ಪಡೆದನು. ಇಂಗ್ಲಿಷಿನಲ್ಲಿ ಬಿಲ್ವಿದ್ಯೆಯನ್ನು ಕುರಿತು ಹೊರಟ ಮೊದಲ ಪುಸ್ತಕವಿದು. ಅದೇ ವರ್ಷದ ಜುಲೈ 19ರಂದು ಅದೇ ದೊರೆಯ ‘ಮೇರಿ ರೋಸ್’ ಎಂಬ ಯುದ್ಧನೌಕೆಯು ಸಾಲೆಂಟ್ ಜಲಸಂಧಿಯಲ್ಲಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲಕ್ಕೆತ್ತಲಾಯಿತು. ಆ ನೌಕೆಯಿಂದ ಯೂ ಮರದ 170ಕ್ಕೂ ಹೆಚ್ಚು ಬಿಲ್ಲುಗಳು ದೊರೆತಿವೆ. ಹೀಗೆ ಆ ಒಂದೇ ವರ್ಷದ ಗ್ರಂಥವೂ ಬಿಲ್ಲುಗಳೂ ಉಳಿದುಬಂದು ಒಂದಕ್ಕೊಂದು ಸಾಕ್ಷಿಯಾಗಿ ನಿಂತಿವೆ.

ಯೂ ಮರದಲ್ಲಿ ಹೊರಗಿನ ಬಿಳಿಮರವು ಎಳೆತವನ್ನೂ ಒಳಗಿನ ಕೆಂಪು ಚೇಗು ಒತ್ತಡವನ್ನೂ ಚೆನ್ನಾಗಿ ತಾಳುತ್ತವೆ. ಆದುದರಿಂದ ಬಿಲ್ಲುಗಾರನು ಬಿಳಿಮರವು ಬಿಲ್ಲಿನ ಬೆನ್ನಾಗಿಯೂ ಚೇಗು ಬಿಲ್ಗಾರನ ಕಡೆಗಿರುವ ಒಳಮೈಯಾಗಿಯೂ ಇರುವಂತೆ ಮರವನ್ನು ಸೀಳಿ ಹದಗೊಳಿಸುತ್ತಿದ್ದನು. ಆಮೇಲಿನ ಕೆಲಸವೆಲ್ಲ ಒಳಮೈಯನ್ನು ಹೆರೆಯುವುದು. ಇದರಲ್ಲಿ ಕೂಡಿಸುವುದೆಂಬುದಿಲ್ಲ, ಕಳೆಯುವುದೊಂದೇ ಉಂಟು. ಮರದ ಬಿಗುವು ಅದರ ದಪ್ಪದ ಘನವನ್ನು ಅನುಸರಿಸುವುದರಿಂದ, ಒಂದೆಡೆಯಲ್ಲಿ ದಪ್ಪವು ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ ಅಲ್ಲಿಯ ಬಿಗುವು ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಇಳಿದುಹೋಗುತ್ತದೆ. ಒಮ್ಮೆ ಹೆರೆದುದನ್ನು ಮರಳಿ ಅಂಟಿಸುವಂತಿಲ್ಲವಾದುದರಿಂದ ಅವಸರದ ಕೈಗೆ ಈ ಕೆಲಸವು ಒಗ್ಗದು.

ಕ್ರಮವು ಹೀಗಿದೆ. ಬಿಲ್ಲಿನ ನಡುವನ್ನು ಕವಲುಳ್ಳ ಒಂದು ಊರೆಯ ಮೇಲಿಟ್ಟು, ಕೊಪ್ಪುಗಳಿಗೆ ಮೊದಲು ಸಡಿಲವಾದ ಉದ್ದನೆಯ ಹೆದೆಯನ್ನು ಕಟ್ಟಿ, ಕೆಲವು ಅಂಗುಲಗಳಷ್ಟು ಮಾತ್ರ ಎಳೆಯಬೇಕು. ಬಳಿಕ ದೂರ ಸರಿದು ಎರಡು ತೋಳುಗಳ ಬಾಗನ್ನೂ ನೋಡಬೇಕು. ಎಲ್ಲಿ ಬಾಗದೆ ನೆಟ್ಟಗೆ ನಿಂತಿದೆಯೋ ಅಲ್ಲಿ ಗುರುತುಮಾಡಿ ಅಷ್ಟನ್ನೇ ತೆಳುವಾಗಿ ಹೆರೆಯಬೇಕು. ಹೆಚ್ಚು ಬಾಗುವೆಡೆಯನ್ನು ಮುಟ್ಟಲಾಗದು. ಪ್ರತಿಯೊಂದು ಹೆರೆತದ ಬಳಿಕವೂ ಹಲವು ಸಾರಿ ಮೆಲ್ಲನೆ ಎಳೆದು ಬಿಟ್ಟು, ಮರವು ಆ ಬದಲಾವಣೆಗೆ ಹೊಂದಿಕೊಂಡ ಮೇಲೆ ಮತ್ತೊಮ್ಮೆ ನೋಡಬೇಕು. ಹೀಗೆ ಅಂಗುಲ ಅಂಗುಲವಾಗಿ ಎಳೆತವನ್ನು ಹೆಚ್ಚಿಸುತ್ತ ಹೋದರೆ ಕೊನೆಗೆ ಭಾರವನ್ನು ಇಡೀ ಬಿಲ್ಲು ಹಂಚಿಕೊಳ್ಳುತ್ತದೆ.

ಕೊಂಡುತಂದ ಹೊಸ ಬಿಲ್ಲಿನಲ್ಲಿಯೂ ಈ ಪರೀಕ್ಷೆಯು ಮುಗಿಯಿತೆಂದು ಆಸ್ಕಮನು ಭಾವಿಸುವುದಿಲ್ಲ. ಅದನ್ನು ಬಯಲಿಗೆ ಒಯ್ದು ಭಾರವಾದ ಬಾಣಗಳನ್ನು ಎಸೆದು, ಎಲ್ಲಿ ಹೆಚ್ಚಾಗಿ ಬಾಗುವುದೆಂದು ಕಂಡುಕೊಂಡು, ಆಮೇಲೆ ಒಳ್ಳೆಯ ಕೆಲಸಗಾರನಿಂದ ಕೊಪ್ಪುಗಳನ್ನು ಮೊಟಕುಮಾಡಿಸಿ, ಹೆರೆಯಿಸಿ, ಎಲ್ಲೆಡೆಯೂ ದುಂಡಾಗಿ ಬಾಗುವಂತೆ ಮಾಡಿಸಬೇಕೆಂದು ಆತನು ವಿಧಿಸುತ್ತಾನೆ.

ಆತನ ಉಪದೇಶಗಳಲ್ಲಿ ಮುಖ್ಯವಾದುದು ಮತ್ತೊಂದಿದೆ. ಭಾರವು ಒಂದೇ ಎಡೆಗೆ ಬಿದ್ದಾಗ ಒಳಮೈಯಲ್ಲಿ ಮರದ ನಾರುಗಳು ನಜ್ಜಾಗಿ ಸಣ್ಣ ಅಡ್ಡಗೆರೆಗಳು ಮೂಡುತ್ತವೆ. ಉಪೇಕ್ಷಿಸಿದರೆ ಅವು ಬೆಳೆದು ಬಿಲ್ಲು ಮುರಿಯುವುದು. ನೋಡುವವರು ಆ ಗೆರೆಗಳಿರುವ ಎಡೆಯದೇ ದೋಷವೆಂದು ತಿಳಿಯುತ್ತಾರೆ. ಆಸ್ಕಮನಾದರೋ ಅದರ ನೆರೆಯ ಭಾಗಗಳನ್ನು ಹೆರೆದು ಸ್ವಲ್ಪ ಮೆತ್ತಗಾಗಿಸಬೇಕೆನ್ನುತ್ತಾನೆ. ಅವೂ ಇದರಷ್ಟೇ ಬಾಗತೊಡಗಿದರೆ ಗೆರೆಗಳು ಅಲ್ಲಿಗೇ ನಿಂತುಹೋಗುತ್ತವೆ. ತಾತ್ಪರ್ಯವೇನೆಂದರೆ, ನೋವು ಕಾಣುವ ಎಡೆ ಒಂದು, ತಪ್ಪಿರುವ ಎಡೆ ಇನ್ನೊಂದು. ಬಾಗದೆ ನಿಂತವುಗಳ ಪಾಲನ್ನೂ ಬಾಗುವುದೇ ಹೊರುತ್ತಿರುತ್ತದೆ. ಈ ಚಿಕಿತ್ಸೆಯಿಂದ ಬಿಲ್ಲಿನ ಒಟ್ಟು ಬಲವು ತುಸು ಕುಂದಿದರೂ ಬಿಲ್ಲು ಉಳಿಯುತ್ತದೆ.

1595ರಲ್ಲಿ ಇಂಗ್ಲೆಂಡಿನ ರಾಜಮಂತ್ರಾಲೋಚನ ಸಭೆಯು ನಾಡಪಡೆಗಳಲ್ಲಿ ಬಿಲ್ಲಿಗೆ ಬದಲಾಗಿ ಬಂದೂಕನ್ನಿಡಬೇಕೆಂದು ಆಜ್ಞಾಪಿಸಿತು. ಯುದ್ಧದಲ್ಲಿ ಬಿಲ್ಲಿನ ಕಾಲವು ಮುಗಿಯಿತು. ಆಸ್ಕಮನು ಆ ವೇಳೆಗೆ ತೀರಿಕೊಂಡಿದ್ದನು. ಆದರೆ ಆತನು ಇನ್ನೊಂದು ಗ್ರಂಥವನ್ನು ಬಿಟ್ಟುಹೋಗಿದ್ದನು. 1563ರ ಡಿಸೆಂಬರ್ 10ರಂದು ವಿಂಡ್ಸರಿನಲ್ಲಿ ಊಟದ ಹೊತ್ತಿನಲ್ಲಿ, ಈಟನ್ ಶಾಲೆಯ ಕೆಲವು ವಿದ್ಯಾರ್ಥಿಗಳು ಹೊಡೆತಕ್ಕೆ ಹೆದರಿ ಓಡಿಹೋದರೆಂಬ ಸುದ್ದಿಯನ್ನು ಮಂತ್ರಿ ಸೆಸಿಲನು ಹೇಳಿದನು. ಆ ಪ್ರಸಂಗದಿಂದ ಹುಟ್ಟಿದುದೇ ‘ಸ್ಕೂಲ್‌ಮಾಸ್ಟರ್’. 1568ರಲ್ಲಿ ಆಸ್ಕಮನು ಗತಿಸಿದ ಬಳಿಕ, 1570ರಲ್ಲಿ ಆತನ ಪತ್ನಿಯು ಅದನ್ನು ಅಚ್ಚುಮಾಡಿಸಿದಳು. ಚುರುಕುಬುದ್ಧಿಯ ಮಕ್ಕಳನ್ನು ಹೊಗಳಿ, ನಿಧಾನವಾಗಿ ಗ್ರಹಿಸಿ ದೃಢವಾಗಿ ಉಳಿಸಿಕೊಳ್ಳುವ ಮಕ್ಕಳನ್ನು ದಂಡಿಸುವುದು ಅನ್ಯಾಯವೆಂದೂ, ಪ್ರೀತಿಯಿಂದಲ್ಲದೆ ಭಯದಿಂದ ವಿದ್ಯೆಯು ನೆಲೆಗೊಳ್ಳದೆಂದೂ ಅದರಲ್ಲಿ ವಾದಿಸಿದ್ದಾನೆ.

ಗ್ರಂಥಗಳೆರಡಾದರೂ ಅವುಗಳನ್ನು ಬರೆದ ಕಣ್ಣು ಒಂದೇ. ನಜ್ಜಾದ ಎಡೆಯನ್ನು ಇನ್ನಷ್ಟು ಹೆರೆಯುವ ಬಿಲ್ಲುಗಾರನಿಗೂ ತಡವರಿಸುವ ಬಾಲಕನನ್ನೇ ಬೆತ್ತದಿಂದ ತಿದ್ದಹೊರಡುವ ಉಪಾಧ್ಯಾಯನಿಗೂ ಹೆಚ್ಚಿನ ಅಂತರವಿಲ್ಲ. ಇಬ್ಬರೂ ಕೊಂಚ ದೂರ ಸರಿದು ನಿಂತು, ಬಾಗದೆ ಇರುವುದು ಯಾವುದೆಂದು ಮೊದಲು ನೋಡತಕ್ಕದ್ದು.