ಫ್ಯೂಸ್ ಕಾದದ್ದು ಯಾರನ್ನು?

ಶಿವನಸಮುದ್ರದ ಕರೆಂಟು 1902ರ ಜೂನ್ ಕೊನೆಯಲ್ಲಿ ಮೊದಲು ಹೋದದ್ದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಮನೆಗಳ ಸರದಿ ಅದರ ನಂತರ, ಅದೂ ಮೊದಲು ಉಳ್ಳವರ ಮನೆಗಳಿಗೆ. ರಕ್ಷಣೆಯ ಉಪಕರಣಗಳೂ ಇಂಥದ್ದೇ ಒಂದು ಸರದಿಯಲ್ಲಿ ಬಂದವು. ಮೊದಲು ಸರಬರಾಜಿನ ಲೈನು ಸುಡದಂತೆ ನೋಡಿಕೊಂಡರು, ಆಮೇಲೆ ಮನೆಗೆ ಬೆಂಕಿ ಬೀಳದಂತೆ. ಮನುಷ್ಯನ ಮೈಯನ್ನು ಕಾಯುವ ಸಾಧನ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕರೆಂಟಿನ ದೋಷ ಹುಡುಕುವ ನಮ್ಮ ರೂಢಿಗಳು ಮಾತ್ರ ಇವತ್ತಿಗೂ ಮೊದಲೆರಡು ಘಟ್ಟಗಳಲ್ಲೇ ನಿಂತಿವೆ ಎಂಬುದು ನನ್ನ ವಾದ.

ಫ್ಯೂಸನ್ನೇ ನೋಡಿ. ಪಿಂಗಾಣಿಯ ಹಿಡಿಯಲ್ಲಿ ಬಿಗಿದ ತೆಳು ತಂತಿ ಮಿತಿ ಮೀರಿದ ಕರೆಂಟಿಗೆ ಕಾದು ಕರಗುತ್ತದೆ. ವೈರು ಬೆಂಕಿ ಹಿಡಿಯದಂತೆ ತಡೆಯುವುದಷ್ಟೇ ಅದರ ಕೆಲಸ. 5 ಆಂಪಿಯರಿನ ಫ್ಯೂಸ್ 5 ಆಂಪಿಯರಿಗೆ ಕರಗುವುದೂ ಇಲ್ಲ, ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕು. ಎದೆಯ ಮೂಲಕ ಹರಿದರೆ ಜೀವ ತೆಗೆಯಬಲ್ಲ ಕರೆಂಟಾದರೋ 100 ಮಿಲಿ ಆಂಪಿಯರ್, ಅಂದರೆ ಆ ಐದರಲ್ಲಿ ಐವತ್ತನೆಯ ಒಂದು ಪಾಲು. ಒಬ್ಬರು ಶಾಕ್ ಹೊಡೆದು ಒದ್ದಾಡುತ್ತಿದ್ದರೂ ಫ್ಯೂಸ್ ಪಾಲಿಗೆ ಅದು ಒಂದು ಸಣ್ಣ ಬಲ್ಬು ಉರಿದ ಹಾಗೆ. ಹಳೆಯ ವೈರಿಂಗಿನಲ್ಲಿ ಇನ್ನೊಂದು ಅಪಾಯವಿತ್ತು: ಫೇಸಿಗೂ ನ್ಯೂಟ್ರಲಿಗೂ ಒಂದೊಂದು ಫ್ಯೂಸ್. ನ್ಯೂಟ್ರಲಿನದು ಮೊದಲು ಹೋದರೆ ದೀಪ ಆರುತ್ತದೆ, ಮನೆಯವರು ಕರೆಂಟು ಹೋಯಿತು ಅಂದುಕೊಳ್ಳುತ್ತಾರೆ, ಹೋಲ್ಡರಿನಲ್ಲಿ ಮಾತ್ರ ಫೇಸ್ ಜೀವಂತವಾಗಿರುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ನ್ಯೂಟ್ರಲಿನಲ್ಲಿ ಫ್ಯೂಸ್ ಇರಕೂಡದು ಎಂದವು. ದೀಪ ಆರಿದ್ದನ್ನೇ ನಂಬಿ ವೈರಿಗೆ ಕೈ ಹಾಕುವ ಅಭ್ಯಾಸವನ್ನು ಯಾವ ನಿಯಮಕ್ಕೂ ತೆಗೆಯಲಾಗಲಿಲ್ಲ.

ಹಳೆಯ ಮನೆಗಳು ಹಾಗೆಯೇ ನಡೆದವಲ್ಲ, ಎಲ್ಲರೂ ಬದುಕಿದ್ದರಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಆ ಮನೆಗಳಲ್ಲಿ ಇದ್ದದ್ದೇನು? ಕೈಗೆಟುಕದ ಎತ್ತರದಲ್ಲಿ ನಾಲ್ಕು ಬಲ್ಬು, ಬೇಕಲೈಟಿನ ಸ್ವಿಚ್ಚು, ಉಳ್ಳವರಲ್ಲಿ ಒಂದು ಫ್ಯಾನು, ಒಂದು ರೇಡಿಯೋ. 1979-80ರಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದೂ ಒಂದೇ ದೀಪ. ಮುಟ್ಟುವ ಲೋಹವೇ ಇಲ್ಲದ ಕಡೆ ಮೈಗೆ ಕರೆಂಟು ಹರಿಯುವ ಸಂದರ್ಭವೇ ಕಡಿಮೆ. ಇಸ್ತ್ರಿ ಪೆಟ್ಟಿಗೆ, ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಮೆಷಿನು, ಬೋರ್‌ವೆಲ್ ಮೋಟರು ಬಂದ ಮೇಲೆ ಲೆಕ್ಕವೇ ಬದಲಾಯಿತು. ಇವೆಲ್ಲ ಲೋಹದ ಮೈಯವು, ಹೆಚ್ಚಿನವು ನೀರಿನ ಪಕ್ಕದಲ್ಲೇ ಇರುವಂಥವು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಮಿಕ್ಕೆರಡಕ್ಕಿಂತ ಉದ್ದ. ಕರೆಂಟು ಒಳಗೆ ಬರುವ ಮೊದಲೇ ಉಪಕರಣದ ಮೈ ಭೂಮಿಗೆ ಸೇರಿರಲಿ ಎಂದೇ ಹಾಗೆ ಮಾಡಿದ್ದು. ಹಿತ್ತಲಿನ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥ್ ಒಣಗಿಹೋಗಿದ್ದರೆ, ಅಥವಾ ಎರಡೇ ಪಿನ್ನಿನ ಎಕ್ಸ್‌ಟೆನ್ಷನ್ ಬಳಸಿದರೆ, ಆ ಉದ್ದದ ಪಿನ್ನು ಇದ್ದೂ ಇಲ್ಲದ ಹಾಗೆ.

ದೋಷ ಹುಡುಕಲು ರಿಪೇರಿ ಅಂಗಡಿಗಳು ಬಳಸುವ ಸೀರೀಸ್ ಬೋರ್ಡಿನ ಬಗ್ಗೆ ನನಗೆ ಗೌರವವಿದೆ. ಒಂದರ ಹಿಂದೆ ಒಂದಾಗಿ ಜೋಡಿಸಿದ ಒಂದು ಬಲ್ಬು, ಒಂದು ಸಾಕೆಟ್ಟು, ಅಷ್ಟೆ. ಕೆಟ್ಟ ಇಸ್ತ್ರಿ ಪೆಟ್ಟಿಗೆಯನ್ನು ಚುಚ್ಚಿದಾಗ ಬಲ್ಬು ಹೊತ್ತದಿದ್ದರೆ ಒಳಗೆಲ್ಲೋ ತಂತಿ ಕಡಿದಿದೆ, ಪೂರ್ತಿ ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇರಬಹುದು. ಮೀಟರು ಕೊಳ್ಳಲು ಕೈ ಸಾಗದ ಕಾಲದಲ್ಲಿ ಎಷ್ಟೋ ಅಂಗಡಿಗಳು ಈ ಒಂದು ಬಲ್ಬಿನ ಮೇಲೆ ನಡೆದವು. ಅದರ ಮಿತಿಯೂ ಬಲ್ಬಿನಲ್ಲೇ ಇದೆ. 40 ವ್ಯಾಟಿನ ಬಲ್ಬು ಸರಿಯಾಗಿ ಉರಿಯಲು ಸುಮಾರು 170 ಮಿಲಿ ಆಂಪಿಯರ್ ಬೇಕು. 30 ಮಿಲಿ ಆಂಪಿಯರ್ ಮೈಗೆ ಸೋರುತ್ತಿರುವ ಗೀಸರನ್ನು ಇಟ್ಟರೆ ಬಲ್ಬು ಕಣ್ಣಿಗೆ ಬೀಳುವಷ್ಟು ಹೊತ್ತುವುದೇ ಇಲ್ಲ. ಅಂಗಡಿಯವರು ಪ್ರಾಮಾಣಿಕವಾಗಿಯೇ ‘ಸರಿಯಿದೆ’ ಅನ್ನುತ್ತಾರೆ. ಜೇಬಿನ ಟೆಸ್ಟರೂ ಅಷ್ಟೆ: ಫೇಸ್ ಎಲ್ಲಿದೆ ಎಂದು ಹೇಳೀತು, ಅರ್ಥ್ ಗಟ್ಟಿಯಿದೆಯೇ ಎಂದು ಹೇಳದು. ಸೋರಿಕೆ ಅಳೆಯುವ ಮೆಗ್ಗರ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಲಂಡನ್ನಿನಲ್ಲಿ ತಯಾರಾಗಿತ್ತು. 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾ ಓಮ್ ನಿರೋಧ ಇರಬೇಕೆಂದು ನಮ್ಮ 1956ರ ನಿಯಮಗಳೂ ಹೇಳಿದವು. ಆದರೆ ಮೆಗ್ಗರ್ ಇಲಾಖೆಯ, ಕಾರ್ಖಾನೆಯ ಸೊತ್ತಾಗಿ ಉಳಿಯಿತು. ಬೀದಿಯ ಅಂಗಡಿಗೆ ಬರಲೇ ಇಲ್ಲ ಎನ್ನಬಹುದು.

ಮೈಯನ್ನು ಕಾಯುವ ಸಾಧನ ಹುಟ್ಟಿದ್ದೂ ಚಿನ್ನದ ಗಣಿಯ ನಂಟಿನಲ್ಲೇ. 1955ರ ಸುಮಾರಿಗೆ ದಕ್ಷಿಣ ಆಫ್ರಿಕಾದಲ್ಲಿ ಹೆನ್ರಿ ರೂಬಿನ್ ಅಲ್ಲಿನ ಗಣಿಗಳಿಗಾಗಿ ಒಂದು ಕಡಿತದ ಸಾಧನ ಮಾಡಿದರು. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ ಅದು ಲೈನನ್ನೇ ಕಡಿದುಬಿಡುತ್ತಿತ್ತು. ಮೊದಲಿಗೆ 250 ಮಿಲಿ ಆಂಪಿಯರಿಗೆ ಬೀಳುತ್ತಿದ್ದದ್ದು ಬೇಗನೆ ಬಹಳ ಸೂಕ್ಷ್ಮವಾಯಿತು. ಅದೇ ಕಾಲದಲ್ಲಿ ಅಮೆರಿಕದ ಬರ್ಕ್ಲಿಯ ಚಾರ್ಲ್ಸ್ ಡಾಲ್ಜಿಯೆಲ್ ಎಷ್ಟು ಕರೆಂಟಿಗೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದು ಅಳೆದರು: ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಿಗೆ 10.5. ಇವತ್ತು ಮನೆಗಳಲ್ಲಿ ಕೂರಿಸುವ, ಅದೇ ಬಗೆಯ ಕಡಿತದ ಸಾಧನವಾದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಂಥ ಅಳತೆಗಳ ಮೇಲೆ ನಿಂತಿದೆ.

‘ಮಳೆಗಾಲದಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ, ತೆಗೆಸಿಬಿಡಿ’ ಎಂಬುದು ಅದರ ಮೇಲಿನ ದೂರು. ಮಿಂಚು ಹೊಡೆದಾಗ ಒಮ್ಮೊಮ್ಮೆ ಹಾಗಾಗುವುದುಂಟು, ಒಪ್ಪೋಣ. ಮತ್ತೆ ಮತ್ತೆ ಬೀಳುತ್ತಿದ್ದರೆ ಅದು ಸುಮ್ಮನೆ ಬೀಳುತ್ತಿಲ್ಲ. ತೇವ ಕೂತ ಗೋಡೆಯ ಪೆಟ್ಟಿಗೆಯೋ, ಸವೆದ ಗೀಸರ್ ಕಾಯಿಲೋ ಎಲ್ಲೋ ಸೋರುತ್ತಿದೆ. ಹಿಂದೆ ಪದೇ ಪದೇ ಫ್ಯೂಸ್ ಹೋದಾಗ ದಪ್ಪ ತಾಮ್ರದ ತಂತಿ ಸುತ್ತಿ ಕೂರಿಸುತ್ತಿದ್ದೆವು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವುದು ಅದೇ ತಪ್ಪು, ಆಗ ಸುಡುತ್ತಿದ್ದದ್ದು ವೈರು, ಈಗ ಹೋಗುವುದು ಜೀವ. ದೋಷ ಎಲ್ಲಿದೆ ಎಂದು ತೋರಿಸಿಕೊಡುವುದೂ ಆ ಬೀಳುವಿಕೆಯೇ. ಮೇನ್ ಆಫ್ ಮಾಡಿ ಎಲ್ಲ ಪ್ಲಗ್ಗುಗಳನ್ನು ಕಿತ್ತು, ಗೀಸರ್, ಮೋಟರಿನಂಥವುಗಳ ಎರಡೂ ತಂತಿ ಕಡಿಯುವ ಸ್ವಿಚ್ ಇದ್ದರೆ ಅದನ್ನೂ ಇಳಿಸಿ, ಮೇನ್ ಹಾಕಿ ಆರ್‌ಸಿಸಿಬಿಯನ್ನು ಎತ್ತಬೇಕು. ನಿಂತರೆ ಒಂದೊಂದೇ ಉಪಕರಣ ಹಾಕುತ್ತ ಬನ್ನಿ, ಯಾವುದಕ್ಕೆ ಬೀಳುತ್ತದೋ ಅದನ್ನು ಮುಟ್ಟದೆ ಬದಿಗಿಡಿ. ಏನೂ ಹಾಕದೆಯೇ ಬಿದ್ದರೆ ಸೋರಿಕೆ ಗೋಡೆಯೊಳಗಿನ ವೈರಿನಲ್ಲಿರಬಹುದು. ಅದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ, ಬರುವಾಗ ಮೆಗ್ಗರ್ ತರಲು ಹೇಳಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯಿದೆ. ಇವತ್ತೇ ಒಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.