ಬಿಸಿಲ ನಾಡಿನಲ್ಲಿ ಧರ್ಮಸಭೆ: ಅತ್ತಿಮಬ್ಬೆಯ ಕಾಲದಿಂದ ಇಂದಿನವರೆಗೆ

ಚಾವುಂಡರಾಯನು ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರ ಸ್ವಾಮಿಯ ಬಿಂಬವನ್ನು ನಿಲ್ಲಿಸಿದ ಮೇಲೆ ನಾಡಿನ ಭವ್ಯಜನರ ಕಾಲುಗಳು ಆ ದಿಕ್ಕಿಗೆ ತಿರುಗಿದವು. ಹಾಗೆ ಹೋದವರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯೂ ಒಬ್ಬಳು. ಸ್ವಾಮಿಯ ದರ್ಶನವಾಗುವ ತನಕ ಅನ್ನವನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟು ಬೆಟ್ಟವನ್ನೇರಿದ ಆ ಸಾಧ್ವಿ ಬಿಸಿಲಿನಿಂದ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ಆಕೆಯ ಆಯಾಸವನ್ನು ಪರಿಹರಿಸಿತೆಂದು ಪರಂಪರೆ ಹೇಳುತ್ತದೆ. ಇದನ್ನು ನಾವು ಮಹಿಮೆಯೆಂದು ಕೇಳಿ ಕೈಮುಗಿಯುತ್ತೇವೆ. ಆದರೆ ಇದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಉಪವಾಸ, ಏರು ದಾರಿ, ಸುಡುವ ಬಿಸಿಲು, ಈ ಮೂರೂ ಕೂಡಿದರೆ ಎಂಥ ದೃಢಮನಸ್ಸಿನವರ ದೇಹವೂ ಸೋಲುತ್ತದೆಂಬುದನ್ನು ಸಾವಿರ ವರ್ಷಗಳ ಹಿಂದಿನವರೇ ಬಲ್ಲವರಾಗಿದ್ದರು.

ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ಕವಿಚಕ್ರವರ್ತಿ ರನ್ನನು ನಮ್ಮ ಮುಧೋಳದವನು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆತನು ವಿದ್ಯೆಯನ್ನರಸಿ ಶ್ರವಣಬೆಳಗೊಳದ ತನಕ ಹೋದನು. ಅದೇ ಸೀಮೆಯ ತೇರದಾಳದಲ್ಲಿ ಗೊಂಕ ಮಂಡಲಿಕನು ನೇಮಿನಾಥ ಜಿನಾಲಯವನ್ನು ಕಟ್ಟಿಸಿ, 1123ರಲ್ಲಿ ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಮೂಲಕ ದತ್ತಿ ಬಿಟ್ಟುದನ್ನು ಶಾಸನ ಸಾರುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯರ ನಡುವಿನ ಈ ನೆಲದಲ್ಲಿ ಜಿನಧರ್ಮದ ಸಭೆಗಳು ಅಂದಿನಿಂದಲೂ ಕೂಡುತ್ತ ಬಂದಿವೆ. ಈ ನೆಲದ ಬಿಸಿಲೂ ಅಂದಿನಿಂದಲೂ ಇದೆ. ಚೈತ್ರ, ವೈಶಾಖಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟುವುದು ಇಲ್ಲಿನವರಿಗೆ ಹೊಸ ಮಾತಲ್ಲ.

ಈ ಬಿಸಿಲಿಗೆ ನಮ್ಮ ಪೂರ್ವಜರು ಕೊಟ್ಟ ಉತ್ತರ ಅರವಟ್ಟಿಗೆ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗಳಿಗೆ ಭೂಮಿಯನ್ನು ಉಂಬಳಿ ಬಿಟ್ಟ ಶಾಸನಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರೂ ಬೇಸಿಗೆಯ ಒಂದು ತಂಬಿಗೆ ನೀರಿನಲ್ಲಿ ಕೂಡಿ ಬರುತ್ತವೆಂದರೆ ತಪ್ಪಾಗದು. ಅಕ್ಷಯ ತೃತೀಯೆಯ ಸ್ಮರಣೆಯೂ ಇದನ್ನೇ ಹೇಳುತ್ತದೆ. ವರ್ಷಕ್ಕೂ ಮಿಕ್ಕಿ ನಿರಾಹಾರಿಯಾಗಿದ್ದ ಆದಿತೀರ್ಥಂಕರ ವೃಷಭಸ್ವಾಮಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಅರ್ಪಿಸಿದ ಮೊದಲ ಆಹಾರ ಇಕ್ಷುರಸ. ಕಬ್ಬಿನ ನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ವೈಶಾಖದ ಬಿಸಿಲಿನಲ್ಲಿ ಬರುವ ಆ ಪರ್ವವು ದಣಿದ ದೇಹಕ್ಕೆ ತಕ್ಕ ಕಾಲದಲ್ಲಿ ತಕ್ಕ ರಸವನ್ನು ಕೊಟ್ಟ ದಾನದ ಪರ್ವವಾಗಿದೆ.

ಪಂಚಕಲ್ಯಾಣ ಪ್ರತಿಷ್ಠೆಗಳು ನಮ್ಮ ಭಾಗದಲ್ಲಿ ಬೇಸಿಗೆಗೆ ಬೀಳುವುದಕ್ಕೆ ಕಾರಣಗಳುಂಟು. ಆಷಾಢದಿಂದ ಕಾರ್ತಿಕದವರೆಗೆ ಮುನಿಸಂಘಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲೆಸಿರುತ್ತವೆ. ಆಮೇಲೆ ಕಬ್ಬಿನ ಕಟಾವು, ಜೋಳದ ಸುಗ್ಗಿ, ಮಕ್ಕಳ ಪರೀಕ್ಷೆ. ಇವೆಲ್ಲ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿ, ಬೀಗರು ನೆಂಟರು ಬರಲು ಅನುಕೂಲವಾಗುವ ಹೊತ್ತಿಗೆ ಚೈತ್ರ ಬಂದಿರುತ್ತದೆ. ಹಿಂದೆ ಇಂಥ ಸಭೆಗೆ ಸುತ್ತಿನ ಹತ್ತಾರು ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬಂದು ಮರಗಳ ನೆರಳಿನಲ್ಲಿ ಇಳಿಯುತ್ತಿದ್ದರು. ಇಂದು ಬಸ್ಸು, ಕಾರುಗಳ ದೆಸೆಯಿಂದ ಒಂದೇ ದಿನ ಸಾವಿರಾರು ಜನ ಬಯಲಿನಲ್ಲಿ ಕೂಡುತ್ತಾರೆ. ಜನ ಹೆಚ್ಚಾದರು, ಮರಗಳು ಕಡಿಮೆಯಾದವು.

ಶ್ರವಣಬೆಳಗೊಳದ ಇತ್ತೀಚಿನ ಮಹಾಮಸ್ತಕಾಭಿಷೇಕಗಳನ್ನು ಈ ದೃಷ್ಟಿಯಿಂದ ನೋಡಬೇಕು. 1981, 2006, 2018ರವು ಫೆಬ್ರವರಿಯಲ್ಲಿ, 1993ರದು ಡಿಸೆಂಬರಿನಲ್ಲಿ ಆರಂಭವಾದವು. ಲಕ್ಷಾಂತರ ಜನ ಬರಿಗಾಲಲ್ಲಿ ಬಂಡೆಯ ಮೆಟ್ಟಿಲೇರುವ ಕಾರ್ಯಕ್ಕೆ ತಂಪುಗಾಲವೇ ಒದಗಿದ್ದು ಎಷ್ಟು ಹಿತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲವನ್ನು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯದ ನಿದರ್ಶನ ಕಣ್ಣೆದುರಿಗಿದೆ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರಘರದ ಬಯಲಿನಲ್ಲಿ ನಿರೂಪಣಕಾರರೊಬ್ಬರಿಗೆ ಮಹಾರಾಷ್ಟ್ರ ಭೂಷಣ ಪ್ರಶಸ್ತಿಯನ್ನು ಕೊಡುವ ಸಮಾರಂಭಕ್ಕೆ ಲಕ್ಷಾಂತರ ಅನುಯಾಯಿಗಳು ಬಂದರು. ವೇದಿಕೆಗೆ ನೆರಳಿತ್ತು, ಜನರಿಗೆ ಇರಲಿಲ್ಲ. ತಾಸುಗಟ್ಟಲೆ ಬಿಸಿಲಿನಲ್ಲಿ ಕುಳಿತವರಲ್ಲಿ 14 ಜನ ಅಸುನೀಗಿದರು. ಅದರ ಮರುವರ್ಷ, 2024ರ ಜೂನ್ ತಿಂಗಳಲ್ಲಿ, ಮಕ್ಕಾ ನಗರದಲ್ಲಿ ಉಷ್ಣಮಾನವು 50 ಡಿಗ್ರಿಯನ್ನು ದಾಟಿದಾಗ ಹಜ್ ಯಾತ್ರೆಯಲ್ಲಿ 1,301 ಜನ ತೀರಿಕೊಂಡರೆಂದು ಸೌದಿ ಅರೇಬಿಯದ ಸರಕಾರ ತಿಳಿಸಿತು. ಅವರಲ್ಲಿ ನೂರಕ್ಕೆ 83 ಜನ ಪರವಾನಗಿಯಿಲ್ಲದೆ ಬಂದವರು. ನೆರಳಾಗಲಿ ತಂಗುದಾಣವಾಗಲಿ ಇಲ್ಲದೆ ದೂರ ನಡೆದವರು. ಎರಡೂ ಕಡೆ ಭಕ್ತಿಗೆ ಕೊರತೆಯಿರಲಿಲ್ಲ, ನೆರಳಿಗೆ ಕೊರತೆಯಿತ್ತು.

ವೈದ್ಯಶಾಸ್ತ್ರವು ಇದನ್ನು ಸರಳವಾಗಿ ವಿವರಿಸುತ್ತದೆ. ಮನುಷ್ಯದೇಹದ ಶಾಖ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹವನ್ನು ತಣಿಸಲು ಉಳಿಯುವ ದಾರಿ ಬೆವರೊಂದೇ. ಬೆವರಿಗೆ ನೀರು ಬೇಕು, ಆರಲು ಗಾಳಿ ಬೇಕು. ಸುಮ್ಮನೆ ಕುಳಿತ ಒಬ್ಬ ಮನುಷ್ಯನೂ ನೂರು ವ್ಯಾಟಿನ ಬಲ್ಬಿನಷ್ಟು ಶಾಖವನ್ನು ಹೊರಬಿಡುತ್ತಾನೆ. ಹತ್ತು ಸಾವಿರ ಜನರನ್ನು ಒತ್ತೊತ್ತಾಗಿ ಕೂರಿಸಿ, ಮೇಲೆ ತಗಡು ಹೊದಿಸಿ, ಸುತ್ತ ಪರದೆ ಕಟ್ಟಿದರೆ ಮಂಟಪವು ಒಲೆಯಾಗುತ್ತದೆ. ತಲೆಸುತ್ತು, ಓಕರಿಕೆ, ಕಾಲು ಸೆಳೆತ, ವಿಪರೀತ ಬೆವರು ಮೊದಲ ಲಕ್ಷಣಗಳು. ಆಗಲೇ ನೆರಳಿಗೆ ಕರೆದೊಯ್ದು ನೀರು ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ. ಅಲಕ್ಷ್ಯ ಮಾಡಿದರೆ ದೇಹದ ಶಾಖವು 40 ಡಿಗ್ರಿ ಮೀರಿ, ಮಾತು ತಡವರಿಸಿ, ಎಚ್ಚರ ತಪ್ಪುತ್ತದೆ, ಅದೇ ಉಷ್ಣಾಘಾತ. ಆಗ ಬಾಯಿಗೆ ನೀರು ಹೊಯ್ಯಬಾರದು. ಜ್ವರದ ಗುಳಿಗೆಯಿಂದ ಪ್ರಯೋಜನವಿಲ್ಲ. ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ, ಕುತ್ತಿಗೆ ಕಂಕುಳಗಳಿಗೆ ಮಂಜುಗಡ್ಡೆ ಇಡುತ್ತ, ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಜೈನ ಸಭೆಗಳಲ್ಲಿ ಈ ಅಪಾಯಕ್ಕೆ ವಿಶೇಷ ಕಾರಣಗಳೂ ಇವೆ. ಇಂದ್ರ-ಇಂದ್ರಾಣಿಯರಾಗಿ ಕುಳಿತ ದಂಪತಿಗಳು ಏಕಾಶನ ವ್ರತದಲ್ಲಿರುತ್ತಾರೆ. ವೃದ್ಧ ಶ್ರಾವಿಕೆಯರು ಸೋಸಿದ ನೀರಲ್ಲದೆ ಬೇರೆ ನೀರನ್ನು ಮುಟ್ಟುವುದಿಲ್ಲ. ಸೂರ್ಯಾಸ್ತದ ಮೇಲೆ ಅನೇಕರು ಅದನ್ನೂ ಮುಟ್ಟುವುದಿಲ್ಲ. ಸಭೆಯಲ್ಲಿ ಕಂಪನಿಯ ಬಾಟಲಿಗಳನ್ನು ರಾಶಿ ಹಾಕಿದರೂ ಇವರ ಗಂಟಲು ಒಣಗಿಯೇ ಇರುತ್ತದೆ. ಜನ್ಮಕಲ್ಯಾಣದ ದಿನ ತಲೆಯ ಮೇಲೆ ಕಲಶ ಹೊತ್ತ ಹೆಣ್ಣುಮಕ್ಕಳು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಇವೆಲ್ಲಕ್ಕಿಂತ ಮಿಗಿಲಾಗಿ, ಸವಾಲುಗಳು. ಬೆಳಿಗ್ಗೆ ಎಂಟಕ್ಕೆ ಆಗಬೇಕಾದ ಅಭಿಷೇಕವು ಸವಾಲು, ಸನ್ಮಾನ, ಭಾಷಣಗಳಲ್ಲಿ ಸಿಕ್ಕಿ ಹನ್ನೆರಡಕ್ಕೆ ಸರಿಯುತ್ತದೆ. ಧನ ಕೂಡುವುದು ಬಸದಿಗೆ ಅವಶ್ಯವೇ. ಆದರೆ ಆ ನಾಲ್ಕು ತಾಸುಗಳ ಬೆಲೆಯನ್ನು ತೆರುವವರು ಮುಂದಿನ ಸಾಲಿನ ಧನಿಕರಲ್ಲ. ಮಂಟಪದ ಅಂಚಿನಲ್ಲಿ ಬಿಸಿಲಿಗೆ ಕುಳಿತ ಮುದುಕಿಯರು, ಮಕ್ಕಳು, ಮಧುಮೇಹ ಮತ್ತು ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರು. ಪ್ರಮಾದದಿಂದ ಪ್ರಾಣಕ್ಕೆ ಬಾಧೆಯಾದರೆ ಅದು ಹಿಂಸೆಯೆಂದು ತತ್ತ್ವಾರ್ಥಸೂತ್ರವನ್ನು ಓದಿದ ನಾವು ಬಲ್ಲೆವು. ಇರುವೆಗಾಗಿ ನೆಲ ನೋಡಿ ನಡೆಯುವ ಸಮಾಜವು ಬಿಸಿಲಿನಲ್ಲಿ ಕುಳಿತ ಅಜ್ಜಿಯನ್ನು ಕಾಣದೆ ಹೋಗಬಾರದು.

ಮಾಡಬೇಕಾದುದು ದೊಡ್ಡದೇನಲ್ಲ. ಸವಾಲುಗಳನ್ನು ಹಿಂದಿನ ಸಂಜೆಯೇ ಮುಗಿಸಬಹುದು. ಮೆರವಣಿಗೆಯನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಹನ್ನೊಂದರಿಂದ ನಾಲ್ಕರ ತನಕ ಬಯಲು ಕಾರ್ಯಕ್ರಮವನ್ನು ಬಿಡಬಹುದು. ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿ ಬದಿಗಳನ್ನು ಗಾಳಿಗೆ ತೆರೆದಿಡಬಹುದು. ಸೋಸಿ, ಕಾಯಿಸಿ, ಆರಿಸಿದ ನೀರಿನ ಅರವಟ್ಟಿಗೆಗಳನ್ನು ಸಾಲು ಸಾಲಿಗೆ ಇಡಬಹುದು. ಅಂಥ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ದಣಿದವರಿಗೆ ಅದೇ ಮದ್ದು. ಮುನಿಗಳ ವಿಹಾರ ಮತ್ತು ಆಹಾರದ ವೇಳೆಗೆ ಕಾರ್ಯಕ್ರಮವು ಅಡ್ಡಬರದಂತೆ ನೋಡುವುದು ಸಮಿತಿಯ ಮೊದಲ ಕರ್ತವ್ಯ.

ಇಂಥ ಕಾರ್ಯ ಈ ನೆಲದವರಿಗೆ ಅಸಾಧ್ಯವಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತುವುದನ್ನು ನೋಡಿ ನೋಡಿ ಬೇಸತ್ತ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ನದಿಗೆ ಅಡ್ಡಗಟ್ಟೆಯನ್ನು ಕಟ್ಟಿ ನೀರು ನಿಲ್ಲಿಸಿದರು. ನದಿಗೇ ಕಟ್ಟೆ ಕಟ್ಟಿದ ಜನರಿಗೆ ಒಂದು ಮಂಟಪದ ನೆರಳು, ನೀರು ಎಷ್ಟರ ಕೆಲಸ?

ಅತ್ತಿಮಬ್ಬೆಗೆ ಅಕಾಲದಲ್ಲಿ ಮಳೆ ಬಂದಿತು. ಎಲ್ಲ ಶ್ರಾವಿಕೆಯರಿಗೂ ಹಾಗೆ ಬರುವುದೆಂದು ನೆಚ್ಚಿ ಕೂರುವಂತಿಲ್ಲ. ಬಿಂಬಕ್ಕೆ 1008 ಕಲಶಗಳ ಅಭಿಷೇಕವಾಗುವ ದಿನ, ಆ ಬಿಂಬವನ್ನು ನೋಡಬಂದ ಕಟ್ಟಕಡೆಯ ಜೀವಕ್ಕೂ ಒಂದು ತಂಬಿಗೆ ನೀರು ದೊರೆತರೆ ಪ್ರತಿಷ್ಠೆಯು ಪೂರ್ಣವಾದಂತೆ. ಸರ್ವಜೀವಿಗಳಿಗೂ ಮಂಗಳವಾಗಲಿ.